ಬಿಸಿಯಾದ ಮೇಲೆ ಅಡಗುವ ಟಿಕ್ ಟಿಕ್: ಎಂಜಿನ್ ಇಳಿಸಬೇಕೇ?

ಧಾರವಾಡದಿಂದ ನೀವು ಕೇಳಿರುವುದು ಇಷ್ಟು: ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗೆ ದೊಡ್ಡ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ), ಅದರಿಂದ ಹೊಗೆ ಒಯ್ಯುವ ಹೊಸ ಡೌನ್‌ಪೈಪ್ ಹಾಕಿಸಿ ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ್ದೀರಿ. ಎರಡು ತಿಂಗಳಾದ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಸದ್ದು. ಹತ್ತು ನಿಮಿಷಕ್ಕೆ ಅಡಗುತ್ತದೆ. ಮೆಕ್ಯಾನಿಕ್ ಒಬ್ಬರು ‘ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು’ ಎಂದಿದ್ದಾರೆ.

ದಯವಿಟ್ಟು ಈಗಲೇ ಇಳಿಸಬೇಡಿ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹದಿನಾರು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಎಂಜಿನ್ ಕಾದಂತೆ ಆಯಿಲ್ ತೆಳ್ಳಗಾಗುತ್ತದೆ. ಸವೆದ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ರಾಡು ಎಂಜಿನ್ನಿನ ತಿರುಗುವ ದಂಡಕ್ಕೆ ಕೂಡುವ ಕಡೆಯದು) ಆಗ ಇನ್ನೂ ಜೋರಾಗಿ ಬಡಿಯುತ್ತದೆ, ಸುಮ್ಮನಾಗುವುದಿಲ್ಲ. ಅದರ ಸದ್ದು ಟಿಕ್ ಎನ್ನುವಷ್ಟು ಹಗುರವೂ ಅಲ್ಲ. ಪಕ್ಕದ ಓಣಿಯ ಕುಲುಮೆಯಲ್ಲಿ ಸುತ್ತಿಗೆ ಬಿದ್ದಂತೆ, ತಳದಿಂದ ಬರುವ ಭಾರವಾದ ಪೆಟ್ಟು ಅದು. ಎರಡು ಸಾವಿರ ಆರ್‌ಪಿಎಂಗೆ ಏರಿಸಿ ಆ್ಯಕ್ಸಿಲರೇಟರ್ ಬಿಟ್ಟರೆ ಚೆನ್ನಾಗಿ ಕೇಳಿಸುತ್ತದೆ.

ಲಯವನ್ನೂ ಗಮನಿಸಿ. ನಿಂತಲ್ಲೇ ಆ್ಯಕ್ಸಿಲರೇಟರ್ ಒತ್ತದೆ, ಐಡಲ್‌ನಲ್ಲಿ 800 ಆರ್‌ಪಿಎಂ ಇದ್ದರೆ ಆ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಸೆಕೆಂಡಿಗೆ ಸುಮಾರು 13 ಸುತ್ತು ತಿರುಗುತ್ತದೆ, ವಾಲ್ವ್ ತೆರೆಯುವ ಕ್ಯಾಮ್ ಅದರ ಅರ್ಧ. ವಾಲ್ವ್ ಕಡೆಯ ಸದ್ದು, ಒಂದೇ ಸಿಲಿಂಡರಿನ ಎಕ್ಸಾಸ್ಟ್ ಸೋರಿಕೆ ಎರಡೂ ಈ ಅರ್ಧ ಲಯದಲ್ಲಿ ಬರುತ್ತವೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನಿಧಾನಗತಿಯಲ್ಲಿ ಕೇಳಿದರೆ ಎಣಿಸಬಹುದು. ಇದು ನೇರವಾಗಿ ಸಿಲಿಂಡರಿನೊಳಗೇ ಪೆಟ್ರೋಲ್ ಚಿಮ್ಮಿಸುವ ಎಂಜಿನ್ ಆದ್ದರಿಂದ ಇಂಜೆಕ್ಟರುಗಳ ಸಣ್ಣ ಚಟಚಟ ಯಾವಾಗಲೂ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ.

ನನ್ನ ಅನುಮಾನ ಟರ್ಬೊ ಮತ್ತು ಹೆಡ್ (ಎಂಜಿನ್ನಿನ ಮೇಲ್ಭಾಗ) ಕೂಡುವಲ್ಲಿನ ಗ್ಯಾಸ್ಕೆಟ್ (ಸಂದಿ ಮುಚ್ಚುವ ತೆಳು ಹಾಳೆ) ಮೇಲೆ. ಮಾರ್ಪಡಿಸಿದ ಕಾರಿನಲ್ಲಿ ಕೊನೆಗೆ ಕೈಯಿಟ್ಟ ಜಾಗವನ್ನೇ ಮೊದಲು ನೋಡಬೇಕು. ತಣ್ಣಗಿದ್ದಾಗ ಸಂದಿಯಿಂದ ಹೊಗೆ ಚಿಮ್ಮಿ ಟಿಕ್ ಎನ್ನುತ್ತದೆ, ಲೋಹ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತದೆ. ಕಳೆದ ಮಳೆಗಾಲದಲ್ಲಿ ಗದಗಿನಿಂದ ಬಂದ ಕಾರೊಂದರ ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು) ತೆಗೆದಾಗ ಒಂದು ನಟ್ ನನ್ನ ಬೆರಳಿಗೇ ತಿರುಗಿತು. ಅದರ ಪಕ್ಕದಲ್ಲಿ ಫ್ಲ್ಯಾಂಜಿನ (ಬೋಲ್ಟು ಹಾಕಿ ಕೂಡಿಸುವ ಚಪ್ಪಟೆ ಅಂಚು) ಬದಿಯಿಂದ ಹೊರಕ್ಕೆ, ಬೀಸಣಿಗೆ ಬಿಚ್ಚಿದಂತೆ ಮಸಿ ಹರಡಿತ್ತು. ಒರೆಸಿದರೆ ಬೆರಳಿಗೆ ಒಣಗಿದ ಕಾಡಿಗೆ. ಹೊಸ ಗ್ಯಾಸ್ಕೆಟ್, ಹೊಸ ನಟ್ ಹಾಕಿ ಟಾರ್ಕ್ ರೆಂಚಿನಲ್ಲಿ ಬಿಗಿದ ಮೇಲೆ ಸದ್ದು ನಿಂತಿತು. ಆ ಹುಡುಗನಿಗೂ ಬೇರೆಲ್ಲೋ ಎಂಜಿನ್ ಇಳಿಸಲು ಹೇಳಿದ್ದರು!

ನೀವೇ ಪರೀಕ್ಷಿಸಬೇಕೆಂದರೆ ಒಂದು ಮೀಟರ್ ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದನ್ನು ಫ್ಲ್ಯಾಂಜಿನ ಸುತ್ತ ಮುಟ್ಟಿಸದೆ ಸರಿಸುತ್ತಾ ಹೋಗಿ. ಸೋರುವ ಕಡೆ ಸದ್ದು ಕಿವಿಗೆ ರಾಚುತ್ತದೆ. ಫ್ಯಾನು, ಬೆಲ್ಟುಗಳಿಂದ ಪೈಪು, ಕೈ ಎರಡನ್ನೂ ದೂರವಿಡಿ. ಇನ್ನೊಂದು ಉಪಾಯ: ಎಂಜಿನ್ ಬಂದ್ ಇರುವಾಗ, ತಣ್ಣಗಿರುವಾಗ ಸೈಲೆನ್ಸರಿನ ಹಿಂದಿನಿಂದ ಬ್ಲೋವರ್ ಗಾಳಿ ಬಿಟ್ಟು ಜೋಡಣೆಯ ಮೇಲೆ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಎದ್ದಲ್ಲಿ ಸೋರಿಕೆ.

ಒಳಗೆ ಫೋರ್ಜ್ಡ್ ಪಿಸ್ಟನ್ (ಒತ್ತಿ ಬಡಿದು ಮಾಡಿದ ಗಟ್ಟಿ ಪಿಸ್ಟನ್) ಹಾಕಿಸಿದ್ದರೆ ತಣ್ಣಗಿದ್ದಾಗ ಅವೂ ಸ್ವಲ್ಪ ಬಡಿಯುತ್ತವೆ.

ಇದೆಲ್ಲಕ್ಕಿಂತ ಮೊದಲು ಆಯಿಲ್ ಮಟ್ಟ ನೋಡಿ. ಬೇರಿಂಗ್ ಭಯ ಹೋಗದಿದ್ದರೆ ಆಯಿಲ್ ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿಯಿರಿ. ಲೋಹದ ಚೂರುಗಳು ಮಿನುಗಿದರೆ ನನ್ನ ಮಾತು ಬಿಡಿ, ಮತ್ತೆ ಸ್ಟಾರ್ಟ್ ಮಾಡಲೇಬೇಡಿ; ಲಾರಿಯ ಮೇಲೆ ಹೇರಿಸಿ ತನ್ನಿ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಚಿಂತೆ ತರುತ್ತದೆ. ನಿಮ್ಮ ರೀಮ್ಯಾಪ್ ಎಷ್ಟು ಆಕ್ಟೇನ್ (ಪೆಟ್ರೋಲ್ ತಾನಾಗಿ ಸಿಡಿಯದಂತೆ ತಡೆಯುವ ಗುಣದ ಅಂಕ) ಪೆಟ್ರೋಲಿಗೆಂದು ಮಾಡಿದ್ದು ಎಂದು ಕೇಳಿ ತಿಳಿದುಕೊಳ್ಳಿ. ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಅದಕ್ಕಿಂತ ಕಡಿಮೆ ಇರಬಹುದು. ಬೈಪಾಸಿನಲ್ಲಿ ಮೇಲಿನ ಗೇರಿನಲ್ಲಿ ಪೂರ್ತಿ ಆ್ಯಕ್ಸಿಲರೇಟರ್ ಒತ್ತಿದಾಗ ಒಗ್ಗರಣೆಗೆ ಸಾಸಿವೆ ಸಿಡಿದಂತೆ ಕೇಳಿದರೆ ಅದು ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿಯೇ ಸಿಡಿಯುವುದು. ಪಿಸ್ಟನ್ ಒಡೆಯುವುದು ಅದರಿಂದ. ಆ ದಿನವೇ ಕಾಲು ಹಗುರ ಮಾಡಿ, ರೀಮ್ಯಾಪ್ ಮಾಡಿದ ಟ್ಯೂನರ್ ಬಳಿ ಲಾಗ್ (ಎಂಜಿನ್ ಕಂಪ್ಯೂಟರಿನ ದಾಖಲೆ) ತೆಗೆಸಿ.

ನನ್ನಲ್ಲಿಗಾಗಲಿ, ಬೇರೆಯವರಲ್ಲಿಗಾಗಲಿ ತರುವುದಾದರೆ ಹಿಂದಿನ ಸಂಜೆಯೇ ಕಾರು ಬಿಟ್ಟು ಹೋಗಿ. ಧಾರವಾಡದಿಂದ ಇಲ್ಲಿಗೆ ಇಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಬರುವಷ್ಟರಲ್ಲಿ ಎಂಜಿನ್ ಕಾದು ಸದ್ದು ಅಡಗಿರುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟ್ ಮಿಸ್ತ್ರಿಯ ಕಿವಿಯ ಎದುರೇ ಆಗಲಿ.