ಮಾವಿನಹಣ್ಣು ಹೆಚ್ಚಿದ ಕೈ, ಶುಗರ್ ಮಿಷಿನ್ನಿನ ಲೆಕ್ಕ

ಪ್ರಶ್ನೆ: ನಮ್ಮತ್ತೆಗೆ ಹತ್ತು ವರ್ಷದಿಂದ ಶುಗರ್ ಇದೆ, ಮನೇಲೇ ಮಿಷಿನ್ನಲ್ಲಿ ನೋಡ್ತೀವಿ. ಮೊನ್ನೆ ಮಕ್ಕಳಿಗೆ ಮಾವಿನಹಣ್ಣು ಹೆಚ್ಚಿಕೊಟ್ಟು ಹಾಗೇ ಬಂದು ಕೂತ್ರು, ಬೆರಳು ಚುಚ್ಚಿದ್ರೆ 286! ಗಾಬರಿಯಾಗಿ, ಕೈ ತೊಳ್ಕೊಂಡು ಬನ್ನಿ ಅಂತ ಹೇಳಿ ಇನ್ನೊಂದು ಸ್ಟ್ರಿಪ್ ಹಾಕಿದ್ರೆ 158. ಮಿಷಿನ್ ಕೆಟ್ಟಿದ್ಯಾ ಸರ್? ಚುಚ್ಚದೇನೇ ನೋಡೋ ವಾಚ್ ಬಂದಿದೆ ಅಂತಾರಲ್ಲ, ಅದನ್ನೇ ತಗೊಳ್ಳೋದಾ?
— ಓದುಗರೊಬ್ಬರು, ಸಾಗರ

ಉತ್ತರ: ಮಿಷಿನ್ ಕೆಟ್ಟಿರಲಿಕ್ಕಿಲ್ಲಮ್ಮ, ಮೊದಲನೇ ಸಲ ಅದು ರಕ್ತದ ಜೊತೆಗೆ ಮಾವಿನಹಣ್ಣನ್ನೂ ಅಳೆದಿದೆ ಅಷ್ಟೆ. ಸ್ಟ್ರಿಪ್ಪಿನ ತುದೀಲಿ ಗ್ಲೂಕೋಸನ್ನ ಗುರುತು ಹಿಡಿಯೋ ಕಿಣ್ವ (ಎನ್‌ಜೈಮ್) ಒಣಗಿಸಿ ಇಟ್ಟಿರ್ತಾರೆ, ಸುಮಾರು ಸ್ಟ್ರಿಪ್‌ಗಳಲ್ಲಿ ಅದು ಗ್ಲೂಕೋಸ್ ಆಕ್ಸಿಡೇಸ್, ಈರುಳ್ಳಿ ಸಿಪ್ಪೆ ಮೇಲೆ ಕಪ್ಪಗೆ ಪುಡಿಪುಡಿಯಾಗಿ ಕಾಣೋ ಬೂಷ್ಟು ಇದ್ಯಲ್ಲ, ಆ ಜಾತಿಯಿಂದ ತೆಗೆಯೋದು. ರಕ್ತ ತಾಗಿದ ಕೂಡ್ಲೇ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ಕೊಳ್ಳುತ್ತೆ, ಅದನ್ನ ಇನ್ನೊಂದು ರಾಸಾಯನಿಕ ಹೊತ್ಕೊಂಡು ಹೋಗಿ ಎಲೆಕ್ಟ್ರೋಡಿಗೆ, ಅಂದ್ರೆ ಕರೆಂಟ್ ಹರಿಯೋ ಸಣ್ಣ ಪಟ್ಟಿಗೆ, ಮುಟ್ಟಿಸುತ್ತೆ, ಆಗ ಹರಿಯೋ ಸಣ್ಣ ಕರೆಂಟನ್ನೇ ಮೀಟರ್ ನಂಬರ್ ಮಾಡಿ ತೋರಿಸೋದು. ಆ ಗ್ಲೂಕೋಸ್ ರಕ್ತದ್ದಾ ಹಣ್ಣಿಂದಾ ಅಂತ ಕಿಣ್ವಕ್ಕೆ ಗೊತ್ತಾಗಲ್ಲ.

ಲೆಕ್ಕ ಹಾಕಿ ನೋಡಿ. ಸ್ಟ್ರಿಪ್ ಎಳ್ಕೊಳ್ಳೋ ರಕ್ತ ಅರ್ಧ ಮೈಕ್ರೋಲೀಟರ್ ಅಂತ ಇಟ್ಕೊಳ್ಳಿ, ಶುಗರ್ 150 ಇದ್ರೆ (ನೂರು ಮಿಲಿಲೀಟರ್ ರಕ್ತಕ್ಕೆ 150 ಮಿಲಿಗ್ರಾಂ ಅಂತ) ಅಷ್ಟರಲ್ಲಿರೋ ಗ್ಲೂಕೋಸ್ ಮುಕ್ಕಾಲು ಮೈಕ್ರೋಗ್ರಾಂ, ಅಂದ್ರೆ ಒಂದು ಗ್ರಾಂನ ಹತ್ತು ಲಕ್ಷ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲೂ ಪೂರ್ತಿ ಇಲ್ಲ! ಬೆರಳಿಗೆ ಅಂಟಿರೋ ರಸದಲ್ಲಿ ಇನ್ನೊಂದು ಅಷ್ಟೇ ಇದ್ರೂ ನಂಬರ್ ಡಬಲ್ ಆಗುತ್ತೆ. ಸ್ಪಿರಿಟ್ ಹತ್ತೀಲಿ ಒರೆಸಿದ್ರೆ ಸಾಕು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಸಾಲಲ್ಲ. 2011ರಲ್ಲಿ ಜಪಾನಿನವರು ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣಿನ ಸಿಪ್ಪೆ ತೆಗೆದವರ ಬೆರಳಲ್ಲೇ ನೋಡಿದ್ರು, ಐದು ಸಲ ಒರೆಸಿದ್ರೂ ಶುಗರ್ ಜಾಸ್ತೀನೇ ತೋರಿಸ್ತು, ನಲ್ಲಿ ನೀರಲ್ಲಿ ತೊಳೆದ್ಮೇಲೇ ಸರಿಯಾಗಿದ್ದು. ಆ 286 ನಂಬಿ ಅತ್ತೆಗೆ ಇನ್ಸುಲಿನ್ ಜಾಸ್ತಿ ಕೊಟ್ಟುಬಿಟ್ಟಿದ್ರೆ ಏನಾಗ್ತಿತ್ತು ಅಂತ ನೆನೆಸ್ಕೊಂಡ್ರೇ ಭಯ ಆಗುತ್ತೆ, ನೀವು ಇನ್ನೊಂದ್ಸಲ ನೋಡಿದ್ದು ಬಹಳ ಒಳ್ಳೇದಾಯ್ತು.

ಕಿಣ್ವಾನ ಎಲೆಕ್ಟ್ರೋಡಿಗೆ ಜೋಡಿಸೋ ಉಪಾಯ ಅಮೆರಿಕದ ವಿಜ್ಞಾನಿ ಲೆಲ್ಯಾಂಡ್ ಕ್ಲಾರ್ಕ್ ಅವರದ್ದು, 1962. ಅದು ಪೆನ್ನಿನಷ್ಟು ಚಿಕ್ಕ ಮೀಟರಾಗಿ ಮನೆಗೆ ಬರೋಕೆ 1987 ಆಯ್ತು. ಕಿಣ್ವ ಗ್ಲೂಕೋಸನ್ನ ಗುರುತು ಹಿಡಿಯೋದು ದೊಡ್ಡ ತಲೆನೋವಲ್ಲ, ಸುತ್ತಮುತ್ತಲಿನ ಕಾಟ ತಡ್ಕೊಳ್ಳೋ ಹಾಗೆ ಸೆನ್ಸರ್ ಮಾಡೋದೇ ಕಷ್ಟ. ರಕ್ತ ಕಮ್ಮಿ ಇರೋರಲ್ಲಿ ಸುಮಾರು ಮೀಟರ್‌ಗಳು ಇರೋದಕ್ಕಿಂತ ಜಾಸ್ತಿ ತೋರಿಸ್ತವೆ, ಆದ್ರಿಂದ ಅತ್ತೆಯವರ ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ.

ವಾಚ್ ಮಾತ್ರ ದಯವಿಟ್ಟು ಬೇಡ. ಚರ್ಮ ಚುಚ್ಚದೆ ಶುಗರ್ ಹೇಳೋ ಯಾವ ವಾಚಿಗೂ ಉಂಗುರಕ್ಕೂ ತಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳನ್ನ ಪರಿಶೀಲಿಸೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರೀಲಿ ಎಚ್ಚರಿಸಿತ್ತು. ತೋಳಿಗೆ ಅಂಟಿಸೋ ಸೆನ್ಸರ್ ಬೇರೆ, ಅದರ ಕೂದಲಿನಂಥ ಎಳೆ ಚರ್ಮದೊಳಗೇ ಇರುತ್ತೆ, ಆದ್ರೆ ಅದು ನೋಡೋದು ಜೀವಕೋಶಗಳ ನಡುವಿನ ದ್ರವಾನ, ಹಾಗಾಗಿ ರಕ್ತಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದೆ ಇರುತ್ತೆ.

ಸೋಪು ಹಾಕಿ ಕೈ ತೊಳ್ದು, ಪೂರ್ತಿ ಒರೆಸ್ಕೊಂಡು ಆಮೇಲೆ ಚುಚ್ಚಿ, ನೀರಿದ್ರೆ ರಕ್ತ ತೆಳುವಾಗುತ್ತೆ. ನಿಮ್ಮ ಕಡೆ ಮಳೆ ಶುರುವಾದ್ರೆ ಉಪ್ಪಿನಡಬ್ಬೀನೇ ನೀರಾಗುತ್ತೆ, ಸ್ಟ್ರಿಪ್ಪಿನ ಕಿಣ್ವಕ್ಕೂ ತೇವ ಆಗಲ್ಲ, ಒಂದು ಸ್ಟ್ರಿಪ್ ತೆಗೆದ ತಕ್ಷಣ ಡಬ್ಬಿ ಮುಚ್ಚಳ ಟಕ್ ಅನ್ನೋ ಹಾಗೆ ಒತ್ತಿಬಿಡಿ.