ಭರತ ಎಷ್ಟೊತ್ತಿಗೆ ಅಂತ ಕೇಳಿದ್ದೀರಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲೇಜು ಮಕ್ಕಳದ್ದು. ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಹೀಗೆ ಎಲ್ಲ ಕಡೆಯಿಂದಲೂ ಬಂದಿವೆ. ಕ್ಲಾಸು ಬಿಟ್ಟು ಊರಿಗೆ ಉಪಯೋಗ ಆಗುವಂಥದ್ದು ಏನಾದರೂ ಮಾಡಬೇಕು, ಎಲ್ಲಿ ಹೋಗಬೇಕು, ಮನೆಯಲ್ಲಿ ಏನು ಹೇಳಬೇಕು ಅಂತ ಕೇಳಿದ್ದಾರೆ. ನಾನು ಪಾಠ ಮಾಡುತ್ತಲೇ ಮೂರು ವರ್ಷ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ನೋಡಿಕೊಂಡವಳು. ತಪ್ಪು ಮಾಡಿ ಕಲಿತದ್ದೇ ಜಾಸ್ತಿ, ಅದನ್ನೂ ಮುಚ್ಚಿಡದೆ ಬರೆದಿದ್ದೇನೆ.

ನಾನು ಹಳಿಯಾಳದ ಕಡೆಯವನು, ಕಾರವಾರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ. ಎನ್‌ಎಸ್‌ಎಸ್ ಫಾರ್ಮ್ ಕೊಟ್ಟಿದ್ದಾರೆ. ಸೀನಿಯರ್‌ಗಳು ‘ಕಸ ಗುಡಿಸೋಕೆ ಯಾಕೆ ಸೇರ್ತೀಯೋ’ ಅಂತ ನಗುತ್ತಾರೆ. ಎರಡು ವರ್ಷಕ್ಕೆ 240 ಗಂಟೆ ಅಂತೆ. ಓದಿಗೆ ತೊಂದರೆ ಆಗುವುದಿಲ್ಲವಾ? (ಕಾರವಾರ)

240 ಅಂದ ಕೂಡಲೇ ಹೆದರಬೇಡಿ. ವರ್ಷಕ್ಕೆ 120 ಗಂಟೆ, ವಾರಕ್ಕೆ ಎರಡೂವರೆ ಗಂಟೆಯೂ ಬೀಳುವುದಿಲ್ಲ. ನೀವು ಮೊಬೈಲಿನಲ್ಲಿ ಒಂದೇ ರಾತ್ರಿ ಅಷ್ಟು ಹೊತ್ತು ಕಳೆಯುತ್ತೀರಿ, ಅಲ್ವಾ? ಇದು ಶುರುವಾದದ್ದು ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ, 1969ರ ಸೆಪ್ಟೆಂಬರ್ 24ರಂದು, ಆಗ ಸೇರಿದ್ದು 37 ವಿಶ್ವವಿದ್ಯಾಲಯ. ಬ್ಯಾಡ್ಜಿನ ಮೇಲೆ ಇರುವುದು ಕೋನಾರ್ಕ್ ದೇವಸ್ಥಾನದ ಚಕ್ರ. ಅದಕ್ಕೆ ಎಂಟು ಅರೆ, ನಮ್ಮ ಅಜ್ಜಿಯರ ಲೆಕ್ಕದಲ್ಲಿ ಎಂಟು ಜಾವ, ಅಂದರೆ ದಿನದ 24 ಗಂಟೆ. ಇಡೀ ದಿನ ಸೇವೆಗೆ ಸಿದ್ಧ ಅಂತ ಅರ್ಥ. ಅಷ್ಟೆಲ್ಲ ಯಾರೂ ಕೇಳುವುದಿಲ್ಲ ಬಿಡಿ.

ಕಸ ಗುಡಿಸುವುದು ಇದ್ದೇ ಇರುತ್ತದೆ. ಆದರೆ ವರ್ಷಪೂರ್ತಿ ಅದೊಂದೇ ಆದರೆ ಕೆಲಸ ಹುಡುಕಲು ಯಾರೂ ಮನಸ್ಸು ಮಾಡಲಿಲ್ಲ ಅಂತ ತಿಳಿಯಿರಿ. ಸೇರುವ ಮೊದಲು ನಿಮ್ಮ ಕಾರ್ಯಕ್ರಮಾಧಿಕಾರಿಯನ್ನು ಒಂದು ಪ್ರಶ್ನೆ ಕೇಳಿ: ‘ಹೋದ ವರ್ಷ ಶಿಬಿರ ಮಾಡಿದ ಊರಿಗೆ ಆಮೇಲೆ ಎಷ್ಟು ಸಲ ಹೋಗಿದ್ದಿರಿ?’ ಎರಡು ಸಲವಾದರೂ ಹೋಗಿದ್ದರೆ ಕಣ್ಣು ಮುಚ್ಚಿ ಸೇರಿ. ಒಮ್ಮೆಯೂ ಹೋಗದಿದ್ದರೂ ಸೇರಿ, ಆದರೆ ಹೋಗೋಣ ಅಂತ ನೀವೇ ಗಂಟುಬೀಳಿ.

ಏಳು ದಿನದ ಶಿಬಿರವನ್ನು ಮಾತ್ರ ತಪ್ಪಿಸಬೇಡಿ. ಶಾಲೆಯ ಜಗಲಿಯಲ್ಲಿ ಮಲಗಿ, ನಲವತ್ತು ಜನರಿಗೆ ಅನ್ನ ಬೇಯಿಸಿ, ಅದು ಮುದ್ದೆಯಾಗಿ, ಅದನ್ನೇ ಉಂಡು ಬಂದವರ ಸ್ನೇಹ ಬೇರೆ ರೀತಿಯದ್ದು. ನೀವು ಬಯಲುಸೀಮೆಗೆ ಹತ್ತಿರದ ಹುಡುಗ, ಶಿಬಿರ ಕುಮಟಾ ಕಡೆ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಇರುವ ಊರಿನಲ್ಲಿ ಬಿದ್ದರೆ ಕಗ್ಗ ಭತ್ತದ ಬಗ್ಗೆ ಅಲ್ಲಿನ ಹಿರಿಯರನ್ನು ಕೇಳಿ. ಉಪ್ಪುನೀರಿನ ಗದ್ದೆಯಲ್ಲೂ ಬೆಳೆಯುವ ಭತ್ತ ಅದು. ಶಿಬಿರ ಸಿದ್ದಾಪುರದ ಕಾಡಿನಂಚಿನಲ್ಲಾದರೆ ಇನ್ನೊಂದು ಎಚ್ಚರ: ಚಳಿಗಾಲದಿಂದ ಬೇಸಿಗೆಯ ತನಕ ಅಲ್ಲಿ ಉಣುಗಿನ ಕಾಟ, ಅದರಿಂದಲೇ ಮಂಗನ ಕಾಯಿಲೆ ಬರುವುದು. ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕುಳಿತು ಸೆಲ್ಫಿ ತೆಗೆಯಬೇಡಿ, ಊರಿಗೆ ಬಂದಮೇಲೆ ಜ್ವರ ಬಂದರೆ ‘ಕಾಡಿಗೆ ಹೋಗಿದ್ದೆ’ ಅಂತ ಡಾಕ್ಟರಿಗೆ ಹೇಳಿ.

ಸೆಪ್ಟೆಂಬರಿನಲ್ಲಿ ಬೀಚ್ ಸ್ವಚ್ಛತೆ ಮಾಡಬೇಕು ಅಂತ ನಾವು ಮೂವತ್ತು ಜನ ಗೆಳೆಯರು ಸೇರಿದ್ದೇವೆ. ಟೀ ಶರ್ಟ್ ಪ್ರಿಂಟ್ ಮಾಡಿಸುವವರು ಸಿಕ್ಕಿದ್ದಾರೆ, ಬ್ಯಾನರ್ ರೆಡಿ. ಇನ್ನೇನು ಬೇಕು? (ಕುಮಟಾ)

ಎಲ್ಲ ಇದೆ, ಮುಖ್ಯವಾದದ್ದೇ ಇಲ್ಲ. ನನ್ನದೇ ಕಥೆ ಹೇಳುತ್ತೇನೆ ಕೇಳಿ.

ನಾನು ಎನ್‌ಎಸ್‌ಎಸ್ ಹೊಣೆ ಹೊತ್ತ ಮೊದಲ ವರ್ಷ. ಮಧ್ಯಾಹ್ನದಿಂದ ಸಂಜೆ ತನಕ ಮಕ್ಕಳು ಬೆನ್ನು ಮುರಿದು ಹೆಕ್ಕಿದರು. ನಲವತ್ತು ಗೋಣಿಚೀಲ ತುಂಬಿತು. ಚೀಲಗಳನ್ನು ಸಾಲಾಗಿ ಮರಳಿನ ಮೇಲೆ ನಿಲ್ಲಿಸಿ, ಹಿಂದೆ ನಾವು ನಿಂತು, ಫೋಟೋ ತೆಗೆಸಿ, ‘ನಾಳೆ ಬೆಳಿಗ್ಗೆ ಟ್ರ್ಯಾಕ್ಟರ್ ಬರುತ್ತದೆ’ ಅಂತ ಖುಷಿಯಲ್ಲಿ ಬಸ್ಸು ಹತ್ತಿದೆವು. ಅಮಾವಾಸ್ಯೆಯ ಮರುದಿನ ಅದು. ಬೆಳಿಗ್ಗೆ ಟ್ರ್ಯಾಕ್ಟರ್ ಬಂದಾಗ ಉಳಿದದ್ದು ಆರೋ ಏಳೋ ಚೀಲ. ಮಿಕ್ಕಿದ್ದನ್ನೆಲ್ಲ ರಾತ್ರಿ ಭರತ, ಅಂದರೆ ಸಮುದ್ರದ ಉಬ್ಬರ, ಎಳೆದುಕೊಂಡು ಹೋಗಿತ್ತು. ಚದುರಿ ಬಿದ್ದಿದ್ದ ಕಸವನ್ನು ನಾವು ಚೀಲಕ್ಕೆ ತುಂಬಿ ಕಟ್ಟಿ ಸಮುದ್ರಕ್ಕೆ ಕೊಟ್ಟ ಹಾಗಾಯಿತು. ಅಲ್ಲೇ ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬರು ಅಂದರು: ‘ಅಕ್ಕೋರೆ, ಭರತ ಎಷ್ಟೊತ್ತಿಗೆ ಅಂತ ನಮ್ಮನ್ನ ಒಂದು ಮಾತು ಕೇಳೂಕೆ ಆಗ್ಲಿಲ್ವಾ?’ ಆಗಲಿಲ್ಲ. ಅವರು ಹಿಂದಿನ ದಿನವೂ ಅಲ್ಲೇ ಇದ್ದರು, ನಮ್ಮ ಬ್ಯಾನರಿಗೆ ಜಾಗ ಬೇಕು ಅಂತ ಅವರ ಮೀನಿನ ಚಾಪೆಯನ್ನು ಸ್ವಲ್ಪ ಆಚೆ ಸರಿಸಲು ಹೇಳಿದವಳೂ ನಾನೇ.

ಹಾಗಾಗಿ ಮೊದಲು ಆ ಕೇರಿಯವರ ಹತ್ತಿರ ಹೋಗಿ ಕುಳಿತುಕೊಳ್ಳಿ. ದಿನಕ್ಕೆ ಎರಡು ಭರತ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ನೀರು ಮಾಮೂಲಿಗಿಂತ ಮೇಲೆ ಬರುತ್ತದೆ. ಇಳಿತ ಶುರುವಾದಾಗ ಕೆಲಸಕ್ಕೆ ಇಳಿಯಿರಿ. ಚೀಲಗಳನ್ನು ನೀರಿನ ಗೆರೆಯಿಂದ ಎಷ್ಟು ಮೇಲೆ ಇಡಬೇಕು ಅಂತ ಅವರೇ ತೋರಿಸುತ್ತಾರೆ. ಕಸ ಒಯ್ಯುವ ಗಾಡಿ ಅದೇ ದಿನ ಬರಬೇಕು, ಅದಕ್ಕೆ ಪಂಚಾಯತಿಗೋ ಪುರಸಭೆಗೋ ವಾರ ಮೊದಲೇ ಪತ್ರ ಕೊಟ್ಟು, ಹಿಂದಿನ ದಿನ ಮತ್ತೆ ಫೋನ್ ಮಾಡಿ. ಗಾಡಿ ಇಲ್ಲ ಅಂದರೆ ಕಾರ್ಯಕ್ರಮವೂ ಇಲ್ಲ, ಅಷ್ಟು ಕಟ್ಟುನಿಟ್ಟು ಇರಲಿ.

ಮರಳಿನ ಮೇಲೆ ನೇರಳೆ ಹೂ ಬಿಡುವ ಒಂದು ಬಳ್ಳಿ ಹಬ್ಬಿರುತ್ತದೆ. ಅದನ್ನು ಕಳೆ ಅಂತ ಕೀಳಬೇಡಿ, ಮರಳನ್ನು ಹಿಡಿದಿಡುವುದೇ ಅದು. ಬಲೆಯ ತುಂಡು ಸಿಕ್ಕರೆ ಯಾರದ್ದು ಅಂತ ಕೇಳಿ ಆಮೇಲೆ ಎತ್ತಿ, ಕೆಲವೊಮ್ಮೆ ಅದು ಕಸ ಆಗಿರುವುದಿಲ್ಲ. ಸೂಜಿ, ಒಡೆದ ಗಾಜು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಸೆಪ್ಟೆಂಬರಿನಲ್ಲಿ ಮಳೆಗಾಲ ಇನ್ನೂ ಪೂರ್ತಿ ಮುಗಿದಿರುವುದಿಲ್ಲ, ಕೆಲಸ ಮುಗಿದಮೇಲೆ ‘ಒಂದು ಮುಳುಗು’ ಅಂತ ನೀರಿಗೆ ಇಳಿಯುವುದು ಬೇಡವೇ ಬೇಡ.

ಸೆಪ್ಟೆಂಬರಿನ ಮೂರನೇ ಶನಿವಾರ ಜಗತ್ತಿನ ತುಂಬ ಕಡೆ ಈ ಕೆಲಸ ನಡೆಯುತ್ತದೆ. 1986ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಇದನ್ನು ಶುರು ಮಾಡಿದವರು ಹೆಕ್ಕಿದ್ದು ಮಾತ್ರ ಅಲ್ಲ, ಏನೇನು ಸಿಕ್ಕಿತು ಅಂತ ಬರೆದಿಟ್ಟರು. ನೀವೂ ಇಬ್ಬರನ್ನು ಸುಮ್ನೆ ಬರೆಯುವುದಕ್ಕೇ ಇಟ್ಟುಕೊಳ್ಳಿ: ಬಾಟಲಿ ಮುಚ್ಚಳ ಎಷ್ಟು, ಚಪ್ಪಲಿ ಎಷ್ಟು, ಥರ್ಮಾಕೋಲ್ ಎಷ್ಟು. ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಎಣಿಸಿದರೆ ಪಂಚಾಯತಿಯ ಮುಂದೆ ಇಡಲು ಒಂದು ಲೆಕ್ಕ ಇರುತ್ತದೆ. ಟೀ ಶರ್ಟ್ ಬಗ್ಗೆ ಒಂದೇ ಮಾತು, ನಮಗೆ ಬಂದವು ಒಂದೊಂದೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿದ್ದವು!

ಕಡಲಾಮೆ ಮರಿಗಳನ್ನು ಸಮುದ್ರಕ್ಕೆ ಬಿಡುವ ವಿಡಿಯೋ ನೋಡಿದೆ. ರಾತ್ರಿ ಬೀಚಿಗೆ ಹೋಗಿ ಮೊಟ್ಟೆ ಹುಡುಕಿ ಕಾಪಾಡಬಹುದಾ? (ಹೊನ್ನಾವರ)

ನಿಮ್ಮಷ್ಟಕ್ಕೆ ಹೋಗಬೇಡಿ. ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುವುದು ಆಲಿವ್ ರಿಡ್ಲೆ ಆಮೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಮೊಟ್ಟೆ ಅಗೆದು ತೆಗೆದರೆ ಉದ್ದೇಶ ಒಳ್ಳೆಯದಿದ್ದರೂ ಅಪರಾಧವೇ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಮರಿ ಗಂಡೋ ಹೆಣ್ಣೋ ಅನ್ನುವುದು ಮರಳಿನ ಬಿಸಿಯ ಮೇಲೆ ನಿಂತಿದೆ, ಬಿಸಿ ಜಾಸ್ತಿಯಾದರೆ ಹೆಣ್ಣು. ಅಂದರೆ ಗೂಡನ್ನು ಎಲ್ಲಿ, ಎಷ್ಟು ಆಳದಲ್ಲಿ ಇಡಬೇಕು ಅನ್ನುವುದು ಗೊತ್ತಿದ್ದವರ ಕೆಲಸ.

ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ, ಚಳಿಗಾಲದಲ್ಲಿ ಗೂಡು ಕಾಯಲು ಜನ ಬೇಕಾ ಅಂತ ಕೇಳಿ. ಕಾಯುವುದು ಅಂದರೆ ನಾಯಿ ಓಡಿಸುವುದು. ವಿಡಿಯೋದಲ್ಲಿ ಅದು ಇರುವುದಿಲ್ಲ. ಮರಿಗಳು ಬೆಳಕು ಇರುವ ಕಡೆ ಹೋಗುತ್ತವೆ, ಆದ್ದರಿಂದ ಟಾರ್ಚು, ಮೊಬೈಲ್ ಫ್ಲ್ಯಾಶ್ ಎರಡೂ ಬಂದ್. ಗೂಡು ಎಲ್ಲಿದೆ ಅಂತ ಮೊದಲು ಗೊತ್ತಾಗುವುದು ಬೆಳಗಿನ ಜಾವ ದೋಣಿ ಇಳಿಸಲು ಬರುವ ಮೀನುಗಾರರಿಗೆ, ಅವರ ಪರಿಚಯ ಇಟ್ಟುಕೊಳ್ಳಿ.

ಮಾರಿಕಾಂಬಾ ಜಾತ್ರೆಯಲ್ಲಿ ಸ್ವಯಂಸೇವಕಿಯಾಗಬೇಕು ಅಂತ ಆಸೆ. ಆಯಿ ‘ರಾತ್ರಿ ಆ ಜಂಗುಳಿಯಲ್ಲಿ ಬೇಡ’ ಅನ್ನುತ್ತಾಳೆ. ನಾನು ಬಿ.ಕಾಂ. ಎರಡನೇ ವರ್ಷ. (ಶಿರಸಿ)

ಆಯಿ ಹೇಳುವುದರಲ್ಲಿ ತಪ್ಪಿಲ್ಲ, ನಿಮ್ಮ ಆಸೆಯಲ್ಲೂ ತಪ್ಪಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಈ ಸಲ ಬಿಟ್ಟರೆ ಮುಂದಿನದ್ದಕ್ಕೆ ನಿಮ್ಮ ಡಿಗ್ರಿಯೇ ಮುಗಿದಿರುತ್ತದೆ. ರಾತ್ರಿ ಯಾಕೆ? ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ಹಗಲೂ ಜನ ಇರುತ್ತಾರೆ. ಬಿಸಿಲಲ್ಲಿ ಸಾಲಿನಲ್ಲಿ ನಿಂತ ಅಜ್ಜಿಯರಿಗೆ ನೀರು ಕೊಡುವುದು, ಕೈತಪ್ಪಿದ ಮಕ್ಕಳನ್ನು ಮೈಕಿನ ಹತ್ತಿರ ಕರೆತಂದು ಕೂರಿಸುವುದು, ಬಸ್ಸು ಯಾವ ಕಡೆ ಅಂತ ಹೇಳುವುದು. ಬೆಳಿಗ್ಗೆ ಒಂಬತ್ತರಿಂದ ಒಂದರ ತನಕ ಅಂತ ಬರೆದುಕೊಟ್ಟು, ಕಾಲೇಜಿನ ತಂಡದ ಜೊತೆ ಹೋಗಿ. ಮೊದಲ ದಿನ ಆಯಿಯನ್ನೂ ಕರೆದುಕೊಂಡು ಹೋಗಿ ನೀವು ನಿಲ್ಲುವ ಜಾಗ ತೋರಿಸಿ. ಸಂಜೆಯೊಳಗೆ ಅವರೇ ನಾಲ್ಕು ಜನರಿಗೆ ‘ನನ್ನ ಮಗಳು ಅಲ್ಲಿದ್ದಾಳೆ’ ಅಂದಿರುತ್ತಾರೆ.

ನನ್ನ ತೂಕ 46 ಕಿಲೋ. ಕಾಲೇಜಿನ ಶಿಬಿರದಲ್ಲಿ ರಕ್ತ ಕೊಡಬಹುದಾ? (ಭಟ್ಕಳ)

ಕೊಡಬಹುದು. 18 ತುಂಬಿರಬೇಕು, ತೂಕ 45ಕ್ಕಿಂತ ಕಮ್ಮಿ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು. ನಮ್ಮ ಹುಡುಗಿಯರು ಹೆಚ್ಚಾಗಿ ನಿಲ್ಲುವುದು ಈ ಕೊನೆಯದ್ದರಲ್ಲೇ. ಮುಟ್ಟಿನ ದಿನಗಳಲ್ಲಿ ಬೇಡ. ನಿಮ್ಮ ತೂಕಕ್ಕೆ ತೆಗೆಯುವುದು 350 ಮಿಲಿ ಲೀಟರ್. ಹೆಂಗಸರು ಮತ್ತೆ ಕೊಡಲು ನಾಲ್ಕು ತಿಂಗಳು, ಗಂಡಸರು ಮೂರು ತಿಂಗಳು ಕಾಯಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ.

ಆನ್‌ಲೈನ್‌ನಲ್ಲಿ ಒಂದು ಸಂಸ್ಥೆ ‘ವಾಲಂಟಿಯರ್ ಇಂಟರ್ನ್‌ಶಿಪ್’ ಕೊಡುತ್ತದಂತೆ, ಸರ್ಟಿಫಿಕೇಟಿಗೆ ಮೊದಲು ದುಡ್ಡು ಕಟ್ಟಬೇಕಂತೆ. (ಅಂಕೋಲಾ)

ಕಟ್ಟಬೇಡಿ. ಬಿಟ್ಟಿ ದುಡಿಯುವುದೂ ನೀವೇ, ದುಡ್ಡು ಕೊಡುವುದೂ ನೀವೇ ಅಂದರೆ ಹೇಗೆ? ಕೇಂದ್ರ ಸರ್ಕಾರದ ‘ಮೈ ಭಾರತ್’ ಪೋರ್ಟಲ್ 2023ರ ಅಕ್ಟೋಬರ್ 31ರಂದು ಶುರುವಾಗಿದೆ, 15ರಿಂದ 29 ವರ್ಷದವರಿಗೆ, ನೋಂದಣಿಗೆ ಕಾಸು ಬೇಡ. ಸರ್ಟಿಫಿಕೇಟ್ ಬೇಕು ಅನ್ನುವುದು ತಪ್ಪಲ್ಲ, ನಾಚಿಕೊಳ್ಳಬೇಡಿ. ಆದರೆ ಸಂದರ್ಶನದಲ್ಲಿ ‘ಅಲ್ಲಿ ಏನು ಮಾಡಿದಿರಿ’ ಅಂತ ಕೇಳಿದಾಗ ಎರಡು ನಿಮಿಷ ಮಾತಾಡಲು ಏನಾದರೂ ಇರಬೇಕಲ್ಲ.

ಮಳೆಗಾಲದಲ್ಲಿ ನೆರೆ ಬಂದವರಿಗೆ ಅಂತ ಬಟ್ಟೆ ಸಂಗ್ರಹಿಸಿದೆವು. ಯಾರೂ ತೆಗೆದುಕೊಳ್ಳಲಿಲ್ಲ, ಹಾಸ್ಟೆಲಿನ ಮೂಲೆಯಲ್ಲೇ ಬೂಸ್ಟು ಹಿಡಿಯಿತು. ಜನಕ್ಕೆ ಕೃತಜ್ಞತೆಯೇ ಇಲ್ಲವಾ? (ಕಾರವಾರ)

ಸ್ವಲ್ಪ ಕಟುವಾಗಿ ಹೇಳುತ್ತೇನೆ. ನೀವು ಹಾಕಿಕೊಳ್ಳದ ಬಟ್ಟೆಯನ್ನು ಅವರು ಯಾಕೆ ಹಾಕಿಕೊಳ್ಳಬೇಕು? 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನ ಕೆಳಗಿನ ಊರುಗಳಿಗೆ ಕಾಳಿ ನದಿಯ ನೀರು ನುಗ್ಗಿತಲ್ಲ, ಅಂಥ ಮನೆಗಳಲ್ಲಿ ನೀರು ಇಳಿದಮೇಲೆ ಬೇಕಾಗುವುದು ಕೆಸರು ಎತ್ತುವ ಕೈಗಳು, ಬಾವಿ ಖಾಲಿ ಮಾಡಿ ಬ್ಲೀಚಿಂಗ್ ಹಾಕುವವರು, ನೆನೆದುಹೋದ ರೇಷನ್ ಕಾರ್ಡು, ಪಹಣಿಗೆ ಮತ್ತೆ ಅರ್ಜಿ ತುಂಬಿಕೊಡುವವರು. ಕೊನೆಯದ್ದು ನಿಮ್ಮಂಥ ಓದಿದವರಿಗೆ ಹೇಳಿಮಾಡಿಸಿದ ಕೆಲಸ, ಅದಕ್ಕೆ ಯಾರೂ ಬರುವುದಿಲ್ಲ. ಕೆಸರಿಗೆ ಇಳಿಯುವಾಗ ಗಂಬೂಟು ಇರಲಿ, ಇಲಿ ಜ್ವರ ಹರಡುವುದು ಅಂಥ ನೀರಿನಿಂದಲೇ.

ಗುಡ್ಡ ಕುಸಿದ ಕಡೆ ಮಾತ್ರ ಹೋಗಬೇಡಿ. 2024ರ ಜುಲೈ 16ರಂದು ಅಂಕೋಲಾ ಕಡೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದು ನೆನಪಿದೆಯಲ್ಲ. ಅಂಥ ಜಾಗದಲ್ಲಿ ತರಬೇತಿ ಇಲ್ಲದವರು ಹೋದರೆ ಕಾಪಾಡಬೇಕಾದವರ ಲೆಕ್ಕ ಒಂದು ಹೆಚ್ಚಾಗುತ್ತದೆ, ಅಷ್ಟೇ.

ನನಗೆ ಜನರ ಜೊತೆ ಮಾತಾಡುವುದೇ ಕಷ್ಟ. ಗುಂಪು, ಮೈಕು, ಘೋಷಣೆ ಆಗುವುದಿಲ್ಲ. ನನ್ನಂಥವರಿಗೆ ಏನಾದರೂ ಇದೆಯಾ? (ಶಿರಸಿ)

ಇದೆ, ಹಕ್ಕಿ ಎಣಿಸಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ, ನಮ್ಮ ದೇಶದಲ್ಲಿ ಅದರ ಜೊತೆಗೇ ಕಾಲೇಜು ಆವರಣದ ಹಕ್ಕಿ ಎಣಿಕೆಯೂ ಇದೆ. ಒಂದು ಕಡೆ ಕನಿಷ್ಠ 15 ನಿಮಿಷ ನಿಂತು, ಕಂಡ ಹಕ್ಕಿ, ಕೇಳಿದ ಹಕ್ಕಿ ಎಲ್ಲ ಬರೆದು ಇ-ಬರ್ಡ್ ಆ್ಯಪ್‌ಗೆ ಹಾಕಿದರಾಯಿತು. ಗೊತ್ತಿಲ್ಲದ ಹಕ್ಕಿಯನ್ನು ಊಹಿಸಿ ಬರೆಯಬೇಡಿ, ಬಿಟ್ಟುಬಿಡಿ. ಫೆಬ್ರವರಿ ತನಕ ಕಾಯುವುದೂ ಬೇಡ, ನಾಳೆ ಬೆಳಿಗ್ಗೆ ಏಳಕ್ಕೆ ನಿಮ್ಮ ಕಾಲೇಜಿನ ಹಿಂದಿನ ಮರದ ಕೆಳಗೆ ನಿಲ್ಲಿ. ವಾಚ್‌ಮನ್ ಒಬ್ಬರಿಗೆ ಮಾತ್ರ ಮೊದಲೇ ಹೇಳಿ. ಯಾವ ಮರಕ್ಕೆ ಮಂಗಟ್ಟೆ ಬರುತ್ತದೆ ಅನ್ನುವುದು ಅವರಿಗೆ ಗೊತ್ತಿದ್ದರೂ ಇರಬಹುದು.