ಬರೆ ಹಾಕಿದ ಮೇಲೆ ರಾಜಿ ಮಾಡಿಸಲು ನಾವ್ಯಾರು?

ಹುಬ್ಬಳ್ಳಿಯ ವಿದ್ಯಾನಗರದ ಓದುಗರೊಬ್ಬರ ಪತ್ರದ ಸಾರ ಇದು. ಗುರುತು ಸಿಗುವಂಥ ವಿವರ ಬಿಟ್ಟಿದ್ದೇವೆ.

ಅವರ ಅಪಾರ್ಟ್‌ಮೆಂಟಿನ ಒಂದು ಮನೆಯಲ್ಲಿ ಬಂಗಾರದ ಸರ ಕಾಣೆಯಾಯಿತು. ಕಸ-ಮುಸುರೆಗೆ ಬರುತ್ತಿದ್ದ ಹೆಣ್ಣುಮಗಳ ಮೇಲೆ ಅನುಮಾನ. ‘ಎಲ್ಲಿಟ್ಟೀ ಹೇಳು’ ಅಂತ ಆಕೆಯನ್ನು ಅಡುಗೆಮನೆಯಲ್ಲಿ ಕೂಡಿಹಾಕಿ ಹೊಡೆದರು. ಕಾದ ಸೌಟಿನಿಂದ ಮುಂಗೈಗೆ ಬರೆ ಹಾಕಿದರು. ಸರ ಇನ್ನೂ ಸಿಕ್ಕಿಲ್ಲ. ಅಪಾರ್ಟ್‌ಮೆಂಟಿನ ಹಿರಿಯರು 5 ಸಾವಿರ ರೂಪಾಯಿ ಕೊಡಿಸಿ ‘ಮುಗಿಸಿದರು’. ಓದುಗರು ಠಾಣೆಯಲ್ಲಿ ವಿಚಾರಿಸಿದಾಗ ‘ಬೇಕಿದ್ರ ಒಂದು ಎನ್‌ಸಿ ಮಾಡ್ಕೋತೀವಿ, ರೊಕ್ಕ ಕೊಟ್ಟು ಮುಗಿಸ್ಯಾರ, ನೀವ್ಯಾಕ ನಡುವ ಬರ್ತೀರಿ’ ಅಂದರಂತೆ. ಅವರು ಕೇಳಿರುವುದು ಇಷ್ಟು: ‘ಆ ಮನೆಯವರ ಮಗಳ ಮದುವೆ ಗೊತ್ತಾಗಿದೆ. ಸಿಟ್ಟಿನಲ್ಲಿ ಆದದ್ದು. ಎರಡು ತಿಂಗಳಾಯಿತು. ಈಗ ಕೇಸು ಅಂತ ಹೋದರೆ ಒಂದು ಸಂಸಾರ ಹಾಳು ಮಾಡಿದ ಹಾಗಾಗಲ್ವಾ?’

ನಮಸ್ಕಾರ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ನೇರವಾಗಿ ಹೇಳಿಬಿಡುತ್ತೇನೆ. ಕೇಸು ಆಗಬೇಕು. ಸಂಸಾರ ಹಾಳಾಗುವ ಮಾತು ನಿಮ್ಮ ತಲೆಗೆ ಬಂದದ್ದು ಸಹಜ, ನೀವು ಅಕ್ಕಪಕ್ಕದವರು. ಆದರೆ ಆ ಭಾರ ನಿಮ್ಮದಲ್ಲ. ಸರ ಕಳೆದಾಗ ಠಾಣೆಗೆ ಹೋಗಲು ಆ ಮನೆಯವರಿಗೆ ಪೂರ್ತಿ ಹಕ್ಕಿತ್ತು. ಅವರು ಒಲೆ ಹಚ್ಚಿ ಸೌಟು ಕಾಯಿಸಿದರು. ಸೌಟು ಕಾಯಲು ಒಂದೆರಡು ನಿಮಿಷವಾದರೂ ಬೇಕು. ಸಿಟ್ಟಿನಲ್ಲಿ ಕೈ ಎತ್ತಿದರು ಅನ್ನಬಹುದು, ಸಿಟ್ಟಿನಲ್ಲಿ ಸೌಟು ಕಾಯಿಸಿದರು ಅನ್ನುವುದನ್ನು ನಾನು ಒಪ್ಪಲಾರೆ.

ಈಗ ಆ ‘ಎನ್‌ಸಿ’ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಹೊಡೆತಕ್ಕೆ 115ನೇ ಕಲಂ ಇದೆ. ಒಂದು ವರ್ಷದವರೆಗೆ ಜೈಲು ಅಥವಾ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಇದರಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿ, ಅಂದರೆ ನಾನ್-ಕಾಗ್ನಿಜಬಲ್, ಅನ್ನುವುದು ಇದನ್ನೇ. ಆದರೆ ಇಲ್ಲಿ ಆಗಿರುವುದು ಬರೀ ಹೊಡೆತ ಅಲ್ಲ. ಬೆಂಕಿಯಿಂದ ಅಥವಾ ಕಾದ ವಸ್ತುವಿನಿಂದ ಗಾಯ ಮಾಡಿದರೆ 118ನೇ ಕಲಂ. ಮೂರು ವರ್ಷದವರೆಗೆ ಜೈಲಾಗಬಹುದು. ಇದಕ್ಕೆ ಪೊಲೀಸರು ಯಾರ ಅಪ್ಪಣೆಗೂ ಕಾಯಬೇಕಿಲ್ಲ, ಎಫ್‌ಐಆರ್ ಹಾಕಲೇಬೇಕು. ಕೂಡಿಹಾಕಿದ್ದಕ್ಕೆ ಬೇರೆ ಕಲಂ.

ಇನ್ನೊಂದಿದೆ, ಅದನ್ನು ತುಂಬ ಜನ ಗಮನಿಸುವುದೇ ಇಲ್ಲ. ತಪ್ಪೊಪ್ಪಿಗೆ ಹೊರಡಿಸಲು, ಇಲ್ಲವೇ ಒಡವೆ ವಾಪಸ್ ಕೊಡಿಸಲು ಅಂತ ಗಾಯ ಮಾಡಿದರೆ 120ನೇ ಕಲಂ. ಏಳು ವರ್ಷದವರೆಗೆ ಜೈಲು. ಇದು ಪೊಲೀಸರ ಲಾಠಿಗೆ ಮಾತ್ರ ಇರುವ ಕಲಂ ಅಂತ ತಿಳಿಯಬೇಡಿ, ಯಾರು ಮಾಡಿದರೂ ಅನ್ವಯಿಸುತ್ತದೆ. ‘ಕದ್ದಿದ್ದಳು, ಬಾಯಿ ಬಿಡಿಸಲು ಹಾಗೆ ಮಾಡಿದೆವು’ ಅಂತ ಆ ಮನೆಯವರು ನಿಮ್ಮೆಲ್ಲರ ಮುಂದೆ ಸಮರ್ಥನೆ ಕೊಟ್ಟಿದ್ದಾರಲ್ಲ, ಆ ಮಾತೇ ಅವರ ಅಪರಾಧವನ್ನು ದೊಡ್ಡದು ಮಾಡುತ್ತದೆ. ಆಕೆ ನಿಜವಾಗಿಯೂ ಕದ್ದಿದ್ದರೂ ಇದು ಬದಲಾಗುವುದಿಲ್ಲ.

ಒಂದು ವಿಷಯ ನನ್ನನ್ನು ತುಂಬ ಕಾಡುತ್ತದೆ. ಕೆಲಸದವರು ಯಜಮಾನರ ಮನೆಯಲ್ಲಿ ಕದ್ದರೆ ಅದಕ್ಕೇ ಅಂತ ಬೇರೆ ಕಲಂ ಇದೆ, 306. ಸಾಮಾನ್ಯ ಕಳ್ಳತನಕ್ಕೆ ಮೂರು ವರ್ಷವಾದರೆ ಇದಕ್ಕೆ ಏಳು ವರ್ಷದವರೆಗೆ. ಮನೆಯೊಳಗೆ ಬಿಟ್ಟುಕೊಂಡವರ ನಂಬಿಕೆ ಮುರಿದರು ಅನ್ನುವುದು ಕಾರಣ. 1860ರ ಹಳೆಯ ದಂಡ ಸಂಹಿತೆಯಲ್ಲೂ ಹೀಗೇ ಇತ್ತು. ಆದರೆ ನಂಬಿ ಮನೆಯೊಳಗೆ ಬಂದ ಕೆಲಸದವರನ್ನು ಯಜಮಾನರು ಬಡಿದರೆ ಶಿಕ್ಷೆ ಹೆಚ್ಚಿಸುವ ಕಲಂ ನಮ್ಮಲ್ಲಿ ಇಲ್ಲ. ಬಾಗಿಲು ಹಾಕಿದ ಮನೆಯಲ್ಲಿ ಒಬ್ಬಳೇ ಇರುವ ಕೆಲಸದಾಕೆ ಎಷ್ಟು ಅಸಹಾಯಕಳು ಅಂತ ಕಾನೂನು ಇನ್ನೂ ಬರೆದಿಟ್ಟಿಲ್ಲ. ಸಿಂಗಾಪುರದಲ್ಲಿ 1998ರಿಂದಲೇ ಇಂಥ ಅಪರಾಧಕ್ಕೆ ಒಂದೂವರೆ ಪಟ್ಟು ಶಿಕ್ಷೆ ಇತ್ತು, 2020ರಿಂದ ಎರಡು ಪಟ್ಟಿನವರೆಗೆ. ಅಲ್ಲಿ 2016ರಲ್ಲಿ ಮ್ಯಾನ್ಮಾರಿನ 24 ವರ್ಷದ ಕೆಲಸದ ಹುಡುಗಿ ಹಸಿವು, ಹೊಡೆತದಿಂದ ಸತ್ತಳು. ಸಾಯುವಾಗ ತೂಕ 24 ಕಿಲೋ. ಮನೆಯ ಕ್ಯಾಮೆರಾದಲ್ಲೇ ಎಲ್ಲ ದಾಖಲಾಗಿತ್ತು. 2021ರ ಜೂನ್‌ನಲ್ಲಿ ಯಜಮಾನಿಗೆ 30 ವರ್ಷ ಶಿಕ್ಷೆಯಾಯಿತು. ನಮ್ಮಲ್ಲಿ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮನೆಗೆಲಸದವರಿಗಾಗಿ ಬೇರೆ ಕಾನೂನಿನ ಬಗ್ಗೆ ಪರಿಶೀಲಿಸಲು ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿದೆ. ಅಲ್ಲಿಯತನಕ ಇರುವ ಕಲಂಗಳನ್ನೇ ಸರಿಯಾಗಿ ಹಾಕಿಸಬೇಕು.

ಎರಡು ತಿಂಗಳಾಯಿತು ಅಂತ ಕೈ ಚೆಲ್ಲಬೇಡಿ, ತಡವೇನೂ ಆಗಿಲ್ಲ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಕೋರ್ಟಿಗೆ ಬರಲು ಮೂರು ವರ್ಷ ಅವಕಾಶವಿದೆ. ಏಳು ವರ್ಷದ್ದಕ್ಕೆ ಆ ಮಿತಿಯೂ ಇಲ್ಲ.

ಆಕೆ ಆಸ್ಪತ್ರೆಗೆ ಹೋಗಿದ್ದರೇ ಅಂತ ನೀವು ಬರೆದಿಲ್ಲ. ಅದನ್ನು ಮೊದಲು ಕೇಳಿ. ಇಂಥ ಪ್ರಕರಣ ಎಷ್ಟೋ ಸಲ ಬಿದ್ದುಹೋಗುವುದು ಅಲ್ಲೇ. ಗಾಯವಾದವರ ಜೊತೆ ಯಜಮಾನಿಯೇ ಆಸ್ಪತ್ರೆಗೆ ಬರುತ್ತಾರೆ. ‘ಹೇಗಾಯ್ತಮ್ಮಾ?’ ಅಂತ ಡಾಕ್ಟರು ಕೇಳುತ್ತಾರೆ. ಪಕ್ಕದಲ್ಲಿ ನಿಂತವರ ಮುಖ ನೋಡಿ ಆಕೆ ‘ರೊಟ್ಟಿ ಮಾಡೂ ಮುಂದ ಸುಟ್ಟಿತ್ರಿ’ ಅನ್ನುತ್ತಾಳೆ. ಚೀಟಿಯಲ್ಲಿ ಅದೇ ಒಂದು ಸಾಲು ಉಳಿಯುತ್ತದೆ. ವರ್ಷಗಳ ನಂತರ ಆರೋಪಿಗಳ ವಕೀಲರು ಆ ಸಾಲನ್ನೇ ಹಿಡಿದು ಎಳೆಯುತ್ತಾರೆ. ಹಾಗೆ ಬರೆದಿದ್ದರೂ ಹೆದರಬೇಕಿಲ್ಲ. ಆಗ ಯಾರು ಜೊತೆಗಿದ್ದರು, ಯಾಕೆ ಹಾಗೆ ಹೇಳಿದೆ ಅಂತ ದೂರಿನಲ್ಲಿ ಸ್ಪಷ್ಟವಾಗಿ ಹೇಳಬೇಕು. ಕಾದ ಲೋಹ ತಾಗಿಸಿದ ಬರೆಗೆ ಆ ವಸ್ತುವಿನದೇ ಆಕಾರ, ಅಂಚು ಇರುತ್ತದೆ. ಎಣ್ಣೆ ಸಿಡಿದ ಗಾಯ ಹಾಗಿರುವುದಿಲ್ಲ. ಕಲೆ ಇನ್ನೂ ಇದೆಯಲ್ಲ, ಈಗಲೇ ಕಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ, ಡಾಕ್ಟರು ಬರೆಯುವ ಗಾಯದ ದಾಖಲೆ) ಮಾಡಿಸಿ. ಮೊದಲ ವಾರದಲ್ಲಿ ಯಾರಾದರೂ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರೆ ಅಳಿಸದೆ ಇಡಲು ಹೇಳಿ. 5 ಸಾವಿರ ಕೊಡಿಸಿದ ದಿನದ ವಾಟ್ಸ್‌ಆ್ಯಪ್ ಮಾತುಕತೆ, ವಾಯ್ಸ್ ಮೆಸೇಜ್ ಎಲ್ಲವೂ ಬೇಕಾಗುತ್ತವೆ.

ಅಪರಾಧದ ಮಾಹಿತಿಯನ್ನು ಯಾರು ಬೇಕಾದರೂ ಠಾಣೆಗೆ ಕೊಡಬಹುದು, ನೀವೂ ಕೊಡಬಹುದು. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತ. ಠಾಣೆಯವರು ಮತ್ತೆ ‘ಎನ್‌ಸಿ’ ಅಂದರೆ ಲಿಖಿತ ದೂರನ್ನು ಅಂಚೆಯಲ್ಲಿ ನವನಗರದ ಪೊಲೀಸ್ ಕಮಿಷನರ್ ಕಚೇರಿಗೆ ಕಳಿಸಿ, ರಸೀತಿ ಇಟ್ಟುಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ವಕೀಲರ ಖರ್ಚಿನ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಆಕೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ದೂರಿನಲ್ಲಿ ಅದನ್ನು ಬರೆಸಿ. 1989ರ ದೌರ್ಜನ್ಯ ತಡೆ ಕಾಯ್ದೆಯೂ ಸೇರಬಹುದು, ಆಗ ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯೇ ತನಿಖೆ ಮಾಡಬೇಕು.

ಇಷ್ಟೆಲ್ಲ ಓದಿ ನಾಳೆಯೇ ಆಕೆಯನ್ನು ಠಾಣೆಗೆ ಎಳೆದುಕೊಂಡು ಹೋಗಬೇಡಿ. ಮೊದಲು ಕೂತು ಆಕೆಯ ಮಾತು ಕೇಳಿ. ನಿಮ್ಮ ಪತ್ರದಲ್ಲಿ ಹಿರಿಯರ ಮಾತಿದೆ, ಠಾಣೆಯವರ ಮಾತಿದೆ, ಯಜಮಾನರ ಮಗಳ ಮದುವೆ ಇದೆ. ಆಕೆ ಏನಂದರು ಅನ್ನುವುದು ಒಂದು ಸಾಲೂ ಇಲ್ಲ. ಆಕೆಗೆ ಎರಡು ಭಯ ಇರುತ್ತದೆ. ತಿರುಗಿ ಕಳ್ಳತನದ ಕೇಸು ಹಾಕುತ್ತಾರೆ ಅನ್ನುವುದು ಒಂದು. ಬೇರೆ ಮನೆಗಳ ಕೆಲಸವೂ ಹೋಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ವಕೀಲರು ಬೇಕು. ಎರಡನೆಯದು ನಿಮ್ಮಂಥವರ ಕೈಯಲ್ಲೇ ಇದೆ. ನಿಮ್ಮ ಮನೆಯ ಕೆಲಸ ಕೊಡಿ. ನಾಲ್ಕು ಮನೆಯವರಿಗೆ ಹೇಳಿ, ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಆಕೆಯ ಹೆಸರು ಕೆಡಿಸುವ ಮೆಸೇಜ್ ಬಂದರೆ ಅಲ್ಲೇ ಉತ್ತರ ಕೊಡಿ. ಸಾಕ್ಷಿ ಹೇಳಲು ನೀವು ಬರುತ್ತೀರಿ ಅಂತ ಆಕೆಗೆ ಗೊತ್ತಾಗಲಿ, ಆಮೇಲೆ ಅವರೇ ಠಾಣೆಯ ಮೆಟ್ಟಿಲು ಹತ್ತುತ್ತಾರೆ.

ದೂರು ಬರೆಯುವಾಗ ಅನುಮಾನ ಬಂದರೆ ಕಚೇರಿಗೆ ಬನ್ನಿ, ಇಬ್ಬರೂ ಬನ್ನಿ. ಕೂತು ಬರೆಯೋಣ.

– ಸಂಪಾದಕ